ಬೂದಿ ಬೀಳದ ವರ್ಷ

ಅಕ್ಕೋಳದ ರಾವಸಾಹೇಬನ ಹೊಲದಲ್ಲಿ ಬೆಳೆಯುತ್ತಿದ್ದುದನ್ನು ಬರೀ ತಂಬಾಕು ಎನ್ನುವುದು ಕೃಷ್ಣಾ ಹೊಳೆಯನ್ನು ಬಚ್ಚಲ ನೀರು ಎಂದಂತೆ. ಅದರ ಹೊಗೆ ನಿಪ್ಪಾಣಿಯಲ್ಲಿ ಎದ್ದರೆ ಸಂಕೇಶ್ವರದ ಮುದುಕಿಯರು ಸೀನುತ್ತಿದ್ದರು, ಕೊಲ್ಲಾಪುರದ ಪೈಲವಾನರು ಕುಸ್ತಿ ನಿಲ್ಲಿಸಿ ಮೂಗರಳಿಸುತ್ತಿದ್ದರು. ಆ ಎಲೆಯ ಚುಟ್ಟಾ ಹಚ್ಚಿಕೊಂಡು ಚಿಕ್ಕೋಡಿಯಲ್ಲಿ ಬಸ್ಸು ಹತ್ತಿದವನು ಬೆಳಗಾವಿಯಲ್ಲಿ ಇಳಿದು, ಕೋರ್ಟಿನ ಕೆಲಸ ಮುಗಿಸಿ, ಸೋತು ತಿರುಗಿ ಬರುವವರೆಗೂ ಇನ್ನೊಂದು ಕಡ್ಡಿ ಕೊರೆಯಬೇಕಾಗಿರಲಿಲ್ಲ. ಬೂದಿಯಂತೂ ಎಮ್ಮೆಯ ಹಾಲಿನಷ್ಟು ಬಿಳುಪು. ಬೆರಳುದ್ದ ಬೆಳೆದರೂ ಮುರಿಯದೆ, ಮದುವೆಗೆ ಬಂದ ಬೀಗನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು.

ಆ ಮನೆಯಲ್ಲಿ ಬೂದಿಯದೇ ಒಂದು ಕಟ್ಟಳೆ. ಎಲೆ ಬಿಸಿಲಿಗೆ ಒಣಗಿ ಕಣದಲ್ಲಿ ರಾಶಿಯಾದ ದಿನ ಮನೆಯ ಹಿರಿಯ ಹೊಸ ಎಲೆಯ ಚುಟ್ಟಾ ಸುತ್ತಿ, ಎಲ್ಲರೆದುರು ಮೊದಲ ಕಿಡಿ ಕೊಡಬೇಕು. ಬೂದಿ ತಾನಾಗಿ ನೆಲಕ್ಕೆ ಬೀಳುವವರೆಗೆ ಸೇದಬೇಕು. ಬಿದ್ದ ಮೇಲೆಯೇ ನಿಪ್ಪಾಣಿಯ ವ್ಯಾಪಾರಿಗೆ ಹೇಳಿಕಳಿಸುವುದು. ಅಲ್ಲಿಯವರೆಗೆ ಆ ಎಲೆಗೆ ಬೇರೆ ಯಾರೂ ಬೆಂಕಿ ತೋರಿಸುವಂತಿಲ್ಲ. ರಾವಸಾಹೇಬನ ಅಜ್ಜ ಮಾಡಿದ ಕಟ್ಟಳೆ ಅದು. ಅಜ್ಜ ಸತ್ತ ಮೇಲೂ ಅವನಿಗೆ ಹೆದರಿ ಆ ಮನೆಯ ಬೆಕ್ಕು ಕೂಡ ಕಣದ ಹತ್ತಿರ ಮೀಸೆ ಅಲ್ಲಾಡಿಸುತ್ತಿರಲಿಲ್ಲ.

ಈ ಮನೆಗೆ ಎರಡು ಸಾವಿರದ ಆರರಲ್ಲಿ ಮನೆ ಅಳಿಯನಾಗಿ ಬಂದವನು ಐನಾಪುರದ ಭಾವುಸಾಹೇಬ. ರಾವಸಾಹೇಬನಿಗೂ ಸುಂದ್ರವ್ವನಿಗೂ ಕಾಂಚನ ಒಬ್ಬಳೇ ಮಗಳು, ಹೊರಗೆ ಕಳಿಸಲು ಮನಸ್ಸಿರಲಿಲ್ಲ. ಭಾವುಸಾಹೇಬನಿಗೋ ತನ್ನ ಊರಿನಲ್ಲಿ ನಿಲ್ಲಲು ನೆಲವಿರಲಿಲ್ಲ. ನೆಲವಿತ್ತು, ಆದರೆ ಹೊಳೆಯ ನೀರು ಕುಡಿಸಿ ಕುಡಿಸಿ, ಕಬ್ಬು ಬೆಳೆದು ಬೆಳೆದು, ಅದು ಉಪ್ಪೇರಿ ಸವಳು ಹತ್ತಿಹೋಗಿತ್ತು. ಬೆಳಗಿನ ಬಿಸಿಲಿಗೆ ಅವನ ಹೊಲ ಹಿಮಾಲಯದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಊರ ದನಗಳು ಮೇವು ಬಿಟ್ಟು ಬಂದು ಅವನ ನೆಲವನ್ನು ನೆಕ್ಕಿ ಹೋಗುತ್ತಿದ್ದವು. ಅಣ್ಣಂದಿರು ಅದನ್ನು ಇಟ್ಟಂಗಿ ಭಟ್ಟಿಗೆ ಕೊಟ್ಟು ಕೈ ತೊಳೆದುಕೊಂಡರು. ಭಾವುಸಾಹೇಬ ಒಂದು ಟ್ರಂಕು, ಒಂದು ಬಾಚಣಿಗೆ ಮತ್ತು ಇಡೀ ಕಬ್ಬುಸೀಮೆಗೆ ಸಾಕಾಗುವಷ್ಟು ಜಂಬ ಹೊತ್ತು ಅಕ್ಕೋಳಕ್ಕೆ ಬಂದ.

ಮೊದಲ ವರ್ಷವೆಲ್ಲ ಅವನು ಚಹಾ ಕುಡಿದ, ಊಟ ಮಾಡಿದ, ರಾವಸಾಹೇಬನ ತಮ್ಮನ ಮಗ ಸಮಾಧಾನನ ಚೇಷ್ಟೆ ಕೇಳಿದ. ಸಮಾಧಾನ ಅವನನ್ನು 'ಕಬ್ಬಿನ ಅಳಿಯಂದ್ರು' ಎಂದೇ ಕರೆಯುತ್ತಿದ್ದ. ಹಿಂಡಿದರೆ ರಸ ಬರುತ್ತದೆ, ಉಳಿದದ್ದು ಸಿಪ್ಪೆ ಎಂದು ಚಾವಡಿಯಲ್ಲಿ ಕೂತು ವಿವರಿಸುತ್ತಿದ್ದ. ಎರಡನೆಯ ವರ್ಷ ರಾವಸಾಹೇಬನಿಗೆ ದಮ್ಮು ಹೆಚ್ಚಾಯಿತು. ನಿಪ್ಪಾಣಿಯ ಡಾಕ್ಟರು ಚುಟ್ಟಾ ಪೂರ್ತಿ ಬಿಡಿಸಿದರು. ದಿನಾ ಹೊಲದ ಬದುವಿನ ತನಕ ನಡೆದರೆ ಇನ್ನೂ ಬಹಳ ವರ್ಷ ಬದುಕುತ್ತೀರಿ, ಮಲಗಿಬಿಟ್ಟರೆ ಮಾತ್ರ ಎದೆಯಲ್ಲಿ ನೀರು ತುಂಬುತ್ತದೆ ಎಂದರು. ಮುದುಕ ವರ್ಷಕ್ಕೊಂದು ಚುಟ್ಟಾಕ್ಕೆ, ಕಣದ ಕಟ್ಟಳೆಯದಕ್ಕೆ, ಹೇಗೋ ಒಪ್ಪಿಗೆ ಪಡೆದುಕೊಂಡ. ಮುಂಗಾರು ತರುವ ಮಿರಗದ ಮಳೆಗೆ ಮುಂಚೆ ಅಳಿಯನನ್ನು ಕರೆದು ಎಲ್ಲರೆದುರು ಹೇಳಿದ:

"ಈ ವರ್ಷದ ಎಲಿ ನಿಮ್ಮ ಕೈಯಾಗ ಐತಿ, ಭಾವುಸಾಹೇಬ್ರ. ಬೂದಿ ನಿಂತ್ರ ಹೊಲಾ ನಿಮ್ದು. ನಿಲ್ಲಲಿಲ್ಲಂದ್ರ ಹೊಲಾ ಸಮಾಧಾನ ಮಾಡ್ತಾನ. ನೀವು ಐನಾಪುರದ ಬಸ್ ಹಿಡೀರಿ."

ಕಾಂಚನ ಆಗ ಎಲ್ಲಿರಬೇಕು ಎಂಬುದನ್ನು ಮುದುಕ ಹೇಳಲಿಲ್ಲ. ಭಾವುಸಾಹೇಬ ಹೆಂಡತಿಯ ಮುಖ ನೋಡಿದ. ಅವಳು ಅಕ್ಕಿಯೊಳಗಿನ ಕಲ್ಲು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಅಂದಿನಿಂದ ಅವನು ದುಡಿದ ರೀತಿಯನ್ನು ಎತ್ತುಗಳು ನೋಡಿ ನಾಚಿಕೊಂಡವು. ಸಸಿ ನೆಟ್ಟ, ಎಡೆ ಹೊಡೆದ, ಕಸ ಕಿತ್ತ. ಆದರೆ ಮನಸ್ಸಿಗೆ ತೃಪ್ತಿಯಿಲ್ಲ. ಇದೆಲ್ಲ ಅಕ್ಕೋಳದವರು ಮಾಡುವುದೇ. ಐನಾಪುರದವನು ಮಾಡಿದ್ದು ಅಂತ ಏನಿದೆ? ಅವನ ಸೀಮೆಯಲ್ಲಿ ಕಬ್ಬಿಗೆ ಕೆಂಪು ಪೊಟ್ಯಾಶ್ ಹಾಕದೆ ಇರುವುದು, ಮದುಮಗನಿಗೆ ಅರಿಶಿಣ ಹಚ್ಚದೆ ಇದ್ದಂತೆ. ಹೀಗಾಗಿ ಮನೆಯವರೆಲ್ಲ ನಿಪ್ಪಾಣಿ ಸಂತೆಗೆ ಹೋದ ದಿನ ನೋಡಿ, ಆಳು ಭೀಮಸಿಯನ್ನು ಕರೆದುಕೊಂಡು, ಗಾಡಿ ತುಂಬ ಕೆಂಪು ಚೀಲ ತಂದು ಹೊಲಕ್ಕೆ ಸುರಿದ. ಎಕರೆಗೆ ಕಬ್ಬು ತಿನ್ನುವಷ್ಟಲ್ಲ, ಕಬ್ಬಿನ ಅಜ್ಜ ತಿನ್ನುವಷ್ಟು.

ಭೀಮಸಿ ಕೊಕಟನೂರ ಕಡೆಯವನು, ಅವನೂ ಕಬ್ಬು ಕಡಿದೇ ಬೆಳೆದವನು. ಒಂದು ಹರಳು ನಾಲಿಗೆಗೆ ಇಟ್ಟು ಉಗುಳಿ, ಉಪ್ಪೂ ಹೌದು ಕಹಿಯೂ ಹೌದು ಎಂದ. ಭಾವುಸಾಹೇಬ ನಕ್ಕು, ಔಷಧ ಯಾವತ್ತಾದರೂ ಸಿಹಿಯಾಗಿರುತ್ತದೇನು ಎಂದು ಕೇಳಿದ.

ತಂಬಾಕಿಗೆ ಆ ಕೆಂಪು ಗೊಬ್ಬರ ಹಾಕಬಾರದೆಂದು ಅಕ್ಕೋಳದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅದಕ್ಕೇ ಯಾರೂ ಅವನಿಗೆ ಹೇಳಿರಲಿಲ್ಲ. ಬಾವಿಗೆ ಹಾರಬೇಡಿ ಎಂದು ಬಂದ ಅಳಿಯನಿಗೆ ಯಾರು ಹೇಳಿಕೊಡುತ್ತಾರೆ?

ಎಲೆ ಬಂತು ನೋಡಿ. ಒಂದೊಂದು ಎಲೆ ಎಷ್ಟು ಅಗಲವೆಂದರೆ ಮಳೆ ಬಂದಾಗ ಇಬ್ಬರು ಶಾಲೆಯ ಮಾಸ್ತರರು ಅದರ ಕೆಳಗೆ ನಿಂತು ಹಾಜರಿ ಕರೆದು ಮುಗಿಸಿದರಂತೆ. ಎಲೆಯ ದಪ್ಪ ಚಪ್ಪಲಿಯ ಅಟ್ಟೆಯಷ್ಟು. ಕುಡಿ ಮುರಿಯಲು ಬಂದ ಹೆಂಗಸರು ಹೊಲದೊಳಗೆ ದಾರಿ ತಪ್ಪಿ ಆಚೆಯೂರು ಗಳತಗಾದಲ್ಲಿ ಹೊರಬಿದ್ದರೆಂದು ಊರು ಹೇಳಿತು, ಊರು ಸುಳ್ಳು ಹೇಳುವುದಿಲ್ಲ. ಸಮಾಧಾನ ಕೂಡ ಬದುವಿನ ಮೇಲೆ ನಿಂತು ಒಂದು ಎಲೆಯನ್ನು ಕೈಯಲ್ಲಿ ತೂಗಿ ನೋಡಿ, ಚೇಷ್ಟೆ ಮಾಡದೆ ಹೋದ. ರಾವಸಾಹೇಬ ದಿನಾ ಕೋಲೂರಿಕೊಂಡು ಬದುವಿಗೆ ಬರುತ್ತಿದ್ದ. ತನ್ನ ಜನ್ಮದಲ್ಲಿ ಇಂಥ ಎಲೆ ನೋಡಿಲ್ಲವೆಂದು ಸುಂದ್ರವ್ವನ ಹತ್ತಿರ ಹೇಳಿದನಂತೆ. ಸುಂದ್ರವ್ವ ಮಗಳಿಗೆ ಹೇಳಿದಳು, ಮಗಳು ಗಂಡನಿಗೆ ಹೇಳಿದಳು. ಅವತ್ತು ಭಾವುಸಾಹೇಬ ಬಾಚಣಿಗೆ ತೆಗೆದು ಮೂರು ಸಲ ತಲೆ ಬಾಚಿಕೊಂಡ.

ಎಲೆ ಕೊಯ್ದು ಬಿಸಿಲಿಗೆ ಹರವಿದಾಗ ಮೊದಲ ಹೆದರಿಕೆ ಬಂತು. ತನ್ನ ಪಾಲಿನ ಹೊಲದಲ್ಲಿ ಸಮಾಧಾನ ಬೆಳೆದ ಎಲೆ ಒಣಗಿ ಹಪ್ಪಳವಾಯಿತು. ಭಾವುಸಾಹೇಬನದು ಮಧ್ಯಾಹ್ನ ಒಣಗುತ್ತಿತ್ತು, ಬೆಳಗಾಗುವಷ್ಟರಲ್ಲಿ ಮತ್ತೆ ಮೆತ್ತಗಾಗಿ, ಜ್ವರ ಬಿಟ್ಟವನ ಹಾಗೆ ಬೆವರಿರುತ್ತಿತ್ತು. ಒಂದು ಮಧ್ಯಾಹ್ನ ಅವನು ಕಟ್ಟಳೆ ಮುರಿದ. ದನದ ಕೊಟ್ಟಿಗೆಯ ಹಿಂದೆ ಕೂತು, ಒಂದು ಎಲೆ ಸುತ್ತಿ ಕಡ್ಡಿ ಕೊರೆದ. ಚುಟ್ಟಾದ ತುದಿ ಕೆಂಪಾಯಿತು, ಕರ್ರಗಾಯಿತು, ಆರಿತು. ಮತ್ತೆ ಹಚ್ಚಿದ. ಗಲ್ಲಕ್ಕೆ ಗಲ್ಲ ತಾಗುವ ಹಾಗೆ ಎಳೆದ. ಆ ಎಳೆತಕ್ಕೆ ಕೊಟ್ಟಿಗೆಯ ಹಂಚು ಒಂದೆರಡು ಸರಿದಿರಬೇಕು. ಆರಿತು. ಕಡ್ಡಿಪೆಟ್ಟಿಗೆ ಮುಗಿಯಿತು. ಬೂದಿ ಎನ್ನುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ಕಾಡಿಗೆಯಂಥ ಕರಿ ಮಾತ್ರ ಇತ್ತು.

ಮರುದಿನ ನೆಂಟರ ಮನೆಗೆಂದು ಹೇಳಿ ಚಿಕ್ಕೋಡಿಯ ಬಸ್ಸು ಹಿಡಿದ. ಅಲ್ಲಿಯ ಕಾಲೇಜಿನಲ್ಲಿ ಐನಾಪುರದ ತ್ರಿಶಲಾ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಶಾಲೆಯಲ್ಲಿ ಒಂದೇ ವರ್ಗದಲ್ಲಿ ಕೂತವರು. ಅವಳು ಮುಂದಿನ ಸಾಲಿನಲ್ಲಿ, ಇವನು ಬಾಗಿಲ ಹೊರಗೆ. ಭಾವುಸಾಹೇಬ ಚೀಲದಿಂದ ಎಲೆ ತೆಗೆದು ಪ್ರಯೋಗಾಲಯದ ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದ. ತ್ರಿಶಲಾ ಪೊಟ್ಯಾಶ್ ಎಂಬ ಮಾತು ಕೇಳಿದ ಕೂಡಲೇ ಕಣ್ಣು ಮುಚ್ಚಿ ತೆಗೆದಳು. ಆದರೂ ಎಲೆಯ ಚೂರನ್ನು ಮೂಸೆಯಲ್ಲಿಟ್ಟು ಉರಿಯ ಮೇಲೆ ಬಹಳ ಹೊತ್ತು ಕರಕಲು ಮಾಡಿ, ನೀರಲ್ಲಿ ಕಲಸಿ ಸೋಸಿ, ತಿಳಿಯನ್ನು ಗಾಜಿನ ನಳಿಗೆಗೆ ಹಾಕಿದಳು. ಮೊದಲು ಆಮ್ಲ, ಆಮೇಲೆ ಸಿಲ್ವರ್ ನೈಟ್ರೇಟಿನ ಕೆಲವು ಹನಿ. ತಿಳಿನೀರು ಕಣ್ಣೆದುರೇ ಮೊಸರಾಗಿ ಒಡೆಯಿತು.

"ಇದು ಕ್ಲೋರೈಡ್," ಎಂದಳು. "ಅಡಿಗಿ ಉಪ್ಪಿನ ಒಡಹುಟ್ಟಿದ್ದು. ನೀರಾಗ ಸಕ್ರಿ ಹಂಗ ಕರಗತೈತಿ, ಅದಕ್ಕ ಬೇರು ಕುಡೀತು, ಎಲಿ ತುಂಬಕೊಂತು."

"ಒಣಗಿಸ್ತೀನಿ. ಇನ್ನೊಂದು ತಿಂಗಳ ಬಿಸಲಿಗೆ ಹಾಕ್ತೀನಿ."

"ನೀರು ಹೋಗ್ತೈತಿ, ಉಪ್ಪು ಹೋಗೂದಿಲ್ಲೋ. ಸಂಜೀಕ ಅದು ಗಾಳ್ಯಾಗಿನ ನೀರು ಮತ್ತ ಎಳಕೊಂತೈತಿ."

"ಹೆಂಚಿನ ಮ್ಯಾಲ ಹುರದರ?"

"ಏಳನೂರು ಡಿಗ್ರಿ ದಾಟೂತನಕ ಅದು ಕರಗೂದೂ ಇಲ್ಲ. ನಿನ್ನ ಹೆಂಚಿಗೆ ಅದು ಜಗ್ಗತೈತೇನು? ಅದು ಉರಿಯೂ ಪೈಕಿ ಅಲ್ಲ, ಉರಿ ಆರಸೂ ಪೈಕಿ."

ತೊಳೆದರೆ ಹೇಗೆ ಎಂದು ಕೇಳಿದ. ಉಪ್ಪಿನ ಜೊತೆ ತಂಬಾಕಿನ ಕಸುವೂ ತೊಳೆದುಹೋಗುತ್ತದೆ, ಉಳಿಯುವುದು ರದ್ದಿ ಕಾಗದ ಎಂದಳು. ಸಮಾಧಾನನ ಎಲೆಯ ಜೊತೆ ಬೆರೆಸಿದರೆ? ಅವನದೂ ಆರುತ್ತದೆ. ಭಾವುಸಾಹೇಬನ ಬಳಿ ಪ್ರಶ್ನೆಗಳು ಮುಗಿದವು. ಕಿಟಕಿಯ ಬಿಸಿಲಿಗೆ ಹಿಡಿದಿದ್ದ ನಳಿಗೆಯೊಳಗೆ ಬಿಳಿಯ ಮೊಸರು ನಿಧಾನವಾಗಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು, ಪೆಟ್ಟು ಬಿದ್ದ ಮೈ ಕಂದುವ ಹಾಗೆ. ಬೆಳಕು ಬಿದ್ದರೆ ಅದು ಹಾಗೇ ಆಗುತ್ತದೆ ಎಂದಳು ತ್ರಿಶಲಾ. ಹೊಲವನ್ನು ಎರಡು ಮೂರು ಮಳೆಗಾಲ ತೊಳೆಯುತ್ತವೆ, ನೆಲ ಉಳಿಯುತ್ತದೆ. ಎಲೆಯ ಆಸೆ ಬಿಟ್ಟು ಮುದುಕನಿಗೆ ಇವತ್ತೇ ಹೇಳಿಬಿಡು ಎಂದೂ ಸೇರಿಸಿದಳು.

ಹೇಳಬೇಕೆಂದೇ ಅವನು ಬಸ್ಸು ಹತ್ತಿದ. ನಿಪ್ಪಾಣಿಯಲ್ಲಿ ಇಳಿಯುವಾಗಲೂ ಹೇಳುವವನೇ ಇದ್ದ. ಅಕ್ಕೋಳದ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ, ಮರುದಿನವೇ ಕಟ್ಟಳೆಯ ಚುಟ್ಟಾ ಎಂದು ಮುದುಕ ಸಾರಿಬಿಟ್ಟಿದ್ದ. ಸುಂದ್ರವ್ವ ಹೋಳಿಗೆಗೆ ಬೇಳೆ ನೆನೆಹಾಕಿದ್ದಳು. ಕಾಂಚನ ಮದುವೆಯ ಸೀರೆ ತೆಗೆದಿಟ್ಟಿದ್ದಳು. ಬೆಳಗ್ಗೆ ಹೇಳಿದರಾಯಿತೆಂದು ಅವನು ಮಲಗಿದ.

ಬೆಳಗ್ಗೆ ಕಣದಲ್ಲಿ ಮನೆಯವರು, ಸಮಾಧಾನ, ಭೀಮಸಿ, ಜೊತೆಗೆ ಅರ್ಧ ಊರು. ರಾವಸಾಹೇಬ ಬಿಳಿ ರುಮಾಲು ಸುತ್ತಿ, ಕೋಲಿಲ್ಲದೆ ನಡೆದು ಬಂದು ಕಂಬಳಿಯ ಮೇಲೆ ಕೂತ. ಎಲೆ ಸುತ್ತಿದ. ಕಡ್ಡಿ ಕೊರೆದ, ಎಳೆದ. ತುದಿ ಕೆಂಪಾಗಿ ಆರಿತು. ಗಾಳಿ ಇರಬೇಕೆಂದು ಬೆನ್ನು ತಿರುಗಿಸಿ ಮತ್ತೆ ಹಚ್ಚಿದ. ಆರಿತು. ಮೂರನೆಯ ಸಲ ಕಣ್ಣು ಮುಚ್ಚಿ, ಕೊರಳ ನರ ಉಬ್ಬುವ ಹಾಗೆ ಎಳೆದ. ಕೆಮ್ಮು ಬಂತು, ಹೊಗೆ ಬರಲಿಲ್ಲ. ಮರದ ಕಾಗೆಗಳು ಕೂಡ ಬಾಯಿ ಮುಚ್ಚಿಕೊಂಡವು.

ಮುದುಕ ಚುಟ್ಟಾವನ್ನು ನೋಡಲಿಲ್ಲ. ತನ್ನ ಎದೆಯನ್ನು ನೋಡಿಕೊಂಡ. ಅವನ ಹೊಲದ ಎಲೆ ಮೂರು ತಲೆಮಾರಿನಲ್ಲಿ ಒಮ್ಮೆಯೂ ಆರಿರಲಿಲ್ಲ. ಅದು ಆರುವುದಕ್ಕಿಂತ ಸೂರ್ಯ ಆರುವುದು ಅವನಿಗೆ ನಂಬಲು ಸುಲಭವಿತ್ತು.

"ಎಲಿ ಬೆಂಕಿ ಹಂಗ ಐತಿ," ಎಂದ. "ನನ್ನ ಉಸಿರ ತೀರೈತಿ. ಒಂದು ಚುಟ್ಟಾ ಎಳಿಯೂ ದಮ್ ಇಲ್ಲ ನನ್ನಾಗ."

ಭಾವುಸಾಹೇಬನ ಬಾಯಿ ತೆರೆದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಮುದುಕ ಅವನ ಕೈ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡ.

"ಇಂಥಾ ಎಲಿ ಬೆಳದವ್ರಿಗೆ ಬೂದಿ ನೋಡೂದು ಬ್ಯಾಡ. ಹೊಲಾ ನಿಮ್ದು. ಕಟ್ಟಳಿ ಮಾತ್ರ ಮುರೀಬ್ಯಾಡ್ರಿ. ನಾ ಹ್ವಾದ ಮ್ಯಾಲ ಈ ಮನಿ ಹಿರ್ಯಾ ನೀವು, ನೀವ ಹಚ್ಚರಿ. ಅಲ್ಲೀತನಕ ಎಲಿ ಮುಚ್ಚಿಡ್ರಿ."

ಸಮಾಧಾನ ತಲೆಬಾಗಿ ಅಳಿಯನಿಗೆ ಕೈ ಮುಗಿದ. ಸೀರೆಯ ಸೆರಗಿನಲ್ಲಿ ಕಾಂಚನ ಕಣ್ಣೊರೆಸಿಕೊಂಡು ಗಂಡನನ್ನು ನೋಡಿದಳು. ಮದುವೆಯಾದ ಮೇಲೆ ಅವಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಭಾವುಸಾಹೇಬ ಬಾಯಿ ಮುಚ್ಚಿದ.

ಮುದುಕ ಮನೆಗೆ ಹೋಗಿ ಮಲಗಿದವನು ಬದುವಿಗೆ ಮತ್ತೆ ಬರಲಿಲ್ಲ. ಡಾಕ್ಟರು ಬಂದು ಬೈದರು, ಸುಂದ್ರವ್ವ ಅತ್ತಳು, ಕಾಂಚನ ಎರಡೂ ತೋಳು ಹಿಡಿದು ಎಬ್ಬಿಸಲು ನೋಡಿದಳು. ಆರಿದ ಒಲೆಯ ಮುಂದೆ ಎಷ್ಟು ಹೊತ್ತು ಕೂಡುತ್ತೀರಿ ಎಂದು ಅವನು ಎಲ್ಲರನ್ನೂ ಸಂತೈಸುತ್ತಿದ್ದ. ಮೇಲಾಗಿ ಅವನ ಲೆಕ್ಕ ಬೇರೆಯೇ ಇತ್ತು: ಎಲೆ ಕಾಯುತ್ತಿದೆ, ಮಳೆಗೆ ಮುಂಚೆ ಮಾರಬೇಕು, ಅದಕ್ಕೆ ಬೂದಿ ಬೀಳಬೇಕು, ತಾನು ಇರುವವರೆಗೆ ಬೇರೆಯವರು ಹಚ್ಚುವಂತಿಲ್ಲ. ಸಾಯುವುದಕ್ಕೆ ಕೂಡ ಅವನಲ್ಲಿ ರೈತನ ಅವಸರವಿತ್ತು.

ಭಾವುಸಾಹೇಬ ಹೇಳಲು ಹೋದದ್ದೆಷ್ಟು ಸಲವೋ. ನೀರು ಕೊಡಲು ಹೋದ, ಕಾಲು ಒತ್ತಲು ಹೋದ, ಬೀಸಣಿಗೆ ಬೀಸಲು ಹೋದ. ಪ್ರತಿ ಸಲವೂ ನೀರು ಕೊಟ್ಟು, ಕಾಲು ಒತ್ತಿ, ಬೀಸಣಿಗೆ ಬೀಸಿ ಬಂದ. ಇಂಥ ಸೇವೆ ಮಾಡುವ ಅಳಿಯ ಐದು ತಾಲೂಕಿನಲ್ಲಿ ಇಲ್ಲವೆಂದು ಊರು ಅವನನ್ನು ಹೊಗಳಿ ಅಟ್ಟಕ್ಕೇರಿಸಿತು. ಅಟ್ಟದ ಮೇಲೆ ನಿಂತವನಿಗೆ ಇಳಿಯುವುದು ಇನ್ನೂ ಕಷ್ಟವಾಯಿತು.

ಕೊನೆಗೆ ಮುದುಕನ ಕಾಲು ಬಾತು, ಮಾತಿನ ನಡುವೆ ಉಸಿರು ತೇಕತೊಡಗಿದಾಗ, ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಭಾವುಸಾಹೇಬ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದ. ಕೆಂಪು ಚೀಲ, ತ್ರಿಶಲಾ, ಮೊಸರಿನಂತೆ ಒಡೆದ ನೀರು. ನಿಮ್ಮ ಉಸಿರಿಗೆ ಏನೂ ಆಗಿಲ್ಲ, ಎದ್ದು ನಡೆಯಿರಿ ಎಂದು ಕಾಲು ಹಿಡಿದ. ರಾವಸಾಹೇಬ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅವನ ಮುಖದಲ್ಲಿ ನಗು ಮೂಡಿತು.

"ಮನಿ ಅಳಿಯ ಅಂತ ನಾ ನಿಮಗ ಅಗದೀ ಹಗರ ಮಾಡಿದ್ನಿ, ಭಾವುಸಾಹೇಬ್ರ. ನನ್ನ ಮನಸ್ಸ ಹಿಡಿಯಾಕ ಸ್ವಂತ ಎಲೀನ ಹಾಳ ಅಂತೀರಲ್ಲ, ಹೊಟ್ಟೀಲೆ ಹುಟ್ಟಿದ ಮಗಾನೂ ಹಿಂಗ ಅನ್ನೂದಿಲ್ಲ."

ಭಾವುಸಾಹೇಬ ಅಂಗಿಯ ಕಿಸೆಯಿಂದ ಎಲೆ ತೆಗೆದು, ಅವನೆದುರೇ ಸುತ್ತಿ, ಹಚ್ಚಿ ಎಳೆದ. ಆರಿತು. ಮತ್ತೆ ಹಚ್ಚಿದ, ಆರಿತು. ಮುದುಕನ ಕಣ್ಣಲ್ಲಿ ನೀರು ಬಂತು.

"ಗಲ್ಲಾ ಉಬ್ಬಿಸಿ ನಾಟಕ ಮಾಡ್ತೀರಿ. ಒಳಗ ಎಳೀಲೇ ಇಲ್ಲ ನೀವು. ನನ್ನ ಸಲುವಾಗಿ ಕಟ್ಟಳೀನೂ ಮುರದ್ರಿ." ಉಸಿರು ಸಿಕ್ಕಿಕೊಂಡಿತು, ತಡೆದು ಮುಂದುವರಿಸಿದ. "ಈ ಮಾತು ಹೊರಗ ಆಡಬ್ಯಾಡ್ರಿ. ಎಲಿ ಹೆಸರು ಕೆಡತೈತಿ. ನನ್ನಾಣಿ ಐತಿ."

ಆ ಆಣೆ ಭಾವುಸಾಹೇಬನಿಗೆ ಎಷ್ಟು ಹಿತವಾಗಿ ಕಂಡಿತೆಂದರೆ, ಬೇಸಿಗೆಯಲ್ಲಿ ಮಡಕೆಯ ನೀರು ಅಷ್ಟು ಹಿತವಾಗಿರುವುದಿಲ್ಲ. ಸುಂದ್ರವ್ವನಿಗೆ ಹೇಳಬಹುದಿತ್ತು, ಕಾಂಚನಳಿಗೆ ಹೇಳಬಹುದಿತ್ತು, ಡಾಕ್ಟರ ಕಿವಿಯಲ್ಲಿ ಊದಬಹುದಿತ್ತು. ಅವನು ಆಣೆ ಪಾಲಿಸಿದ. ಜೀವನದಲ್ಲಿ ಯಾರ ಮಾತನ್ನೂ ಅಷ್ಟು ಚೊಕ್ಕಾಗಿ ಪಾಲಿಸಿದವನಲ್ಲ.

ಆ ವಾರವೇ ರಾವಸಾಹೇಬ ತೀರಿಕೊಂಡ.

ಹದಿಮೂರನೆಯ ದಿನ ಊಟ ಮುಗಿದ ಮೇಲೆ ಎಲ್ಲರೂ ಕಣಕ್ಕೆ ನಡೆದರು. ನಿಪ್ಪಾಣಿಯ ವ್ಯಾಪಾರಿ ಶ್ರೀಪಾಲಸೇಟ್‌ಜಿ, ವರ್ಷಾವರ್ಷ ಆ ಎಲೆಯನ್ನು ಕೊಂಡವರು, ದುಃಖಕ್ಕೆ ಬಂದವರು ಹಾಗೇ ಉಳಿದಿದ್ದರು. ಸಮಾಧಾನ ಕಂಬಳಿ ಹಾಸಿ, ಹಿರಿಯನ ರುಮಾಲನ್ನು ತಂದು ಭಾವುಸಾಹೇಬನ ತಲೆಗೆ ಸುತ್ತಿದ. ಬೇಡವೆನ್ನಲು ಅವನಿಗೆ ಒಂದು ಕಾರಣವೂ ಹೊಳೆಯಲಿಲ್ಲ.

ಕಡ್ಡಿ ಕೊರೆದ. ಮೂವತ್ತು ವಯಸ್ಸಿನ ಗಂಡಸು, ಒಂದೂರಿನಲ್ಲಿ ಕೂಗಿದರೆ ಮೂರೂರಿಗೆ ಕೇಳಿಸುವ ಎದೆ. ಚುಟ್ಟಾ ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಸಮಾಧಾನ ಅವನ ಕೈಯಿಂದ ಕಸಿದುಕೊಂಡು ತಾನೇ ಎಳೆದ. ಆರಿತು. ಶ್ರೀಪಾಲಸೇಟ್‌ಜಿ ತಾವು ಸೇದುವವರಲ್ಲ. ಎಲೆಯನ್ನು ಮುರಿದು ಮೂಸಿದರು, ಹಿಂಡಿ ನೋಡಿದರು, ಬೆರಳಿಗೆ ಹತ್ತಿದ ಪಸೆಯನ್ನು ನಾಲಿಗೆಗೆ ಮುಟ್ಟಿಸಿದರು. ಕೈ ಒರೆಸಿಕೊಂಡು ಸುಂದ್ರವ್ವನಿಗೆ ನಮಸ್ಕಾರ ಮಾಡಿ ಕಾರಿನ ಕಡೆ ಹೊರಟರು. ಕೆಂಪು ಗೊಬ್ಬರ ಎಂದು ಯಾರೋ ಗುಂಪಿನಲ್ಲಿ ಅಂದರು. ಭೀಮಸಿ ನೆಲ ನೋಡಿದ.

ಕಣ ಖಾಲಿಯಾಯಿತು. ಕಾಂಚನ ಒಬ್ಬಳೇ ಉಳಿದಳು. ಅವಳು ಆರಿದ ಚುಟ್ಟಾವನ್ನು ಎತ್ತಿಕೊಂಡು ಕೈಯಲ್ಲಿ ಹಿಡಿದಿದ್ದಳು.

"ಹಂಗಾರ ಅಪ್ಪನ ಉಸಿರು ನೆಟ್ಟಗಿತ್ತು," ಎಂದಳು.

"ನಾ ಅವ್ರಿಗೆ ಹೇಳಿದ್ನಿ, ಕಾಂಚನಾ. ಅವ್ರು ನಂಬಲಿಲ್ಲ."

"ಯಾವಾಗ ಹೇಳಿದ್ರಿ?"

ಅವನು ತಲೆಯ ರುಮಾಲು ಬಿಚ್ಚತೊಡಗಿದ. ಅವಳು ಕಾಯ್ದಳು. ಬಿಸಿಲು ಇಳಿದು ರಾಶಿಯ ಮೇಲಿನ ಎಲೆಗಳು ಮೆತ್ತಗಾಗತೊಡಗಿದ್ದವು.

ಐನಾಪುರದ ಬಸ್ಸು ಹತ್ತು ಎಂದು ಅವನಿಗೆ ಯಾರೂ ಹೇಳಲಿಲ್ಲ. ಸತ್ತವನು ಎಲ್ಲರೆದುರು ಹೊಲ ಕೊಟ್ಟಿದ್ದ, ಸತ್ತವನ ಮಾತನ್ನು ತಿರುಗಿಸುವ ಗಂಡು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಸಮಾಧಾನ ಕೂಡ ಚೇಷ್ಟೆ ಮಾಡುವುದನ್ನು ಬಿಟ್ಟ. ಈಗ ಅವನನ್ನು 'ಮಾಲಕರು' ಎನ್ನುತ್ತಿದ್ದ, ಅದರಲ್ಲಿ ನಗು ಇರಲಿಲ್ಲ. ಮಿರಗದ ಮಳೆ ಬಂತು. ಊರಲ್ಲಿ ಎಲ್ಲರೂ ಸಸಿಮಡಿ ಮಾಡಿದರು. ಭಾವುಸಾಹೇಬನ ಹೊಲಕ್ಕೆ ಕೂಲಿಗೆ ಬನ್ನಿರೆಂದು ಅವನು ಕೇರಿಯಲ್ಲಿ ಸುತ್ತಿದ. ಬರುತ್ತೇವೆ ಎಂದರು, ಬರಲಿಲ್ಲ. ಭೀಮಸಿ ಕೊಕಟನೂರಿಗೆ ಹೋದವನು ತಿರುಗಿ ಬರಲಿಲ್ಲ.

ಮಳೆಯಲ್ಲಿ ತೋಯ್ದು ಮನೆಗೆ ಬಂದರೆ ಕಾಂಚನ ಕಾಲಿಗೆ ನೀರು ಕೊಟ್ಟಳು. ತಾಟು ಇಟ್ಟಳು, ರೊಟ್ಟಿ ಬಡಿಸಿದಳು, ಪಲ್ಯ ಬಡಿಸಿದಳು. ಸಾಕೋ ಬೇಕೋ ಎಂದು ಕೇಳಲಿಲ್ಲ. ಬಡಿಸುವುದು ಮುಗಿದ ಮೇಲೆ ದೀಪವನ್ನು ಅವನ ಹತ್ತಿರಕ್ಕೆ ಸರಿಸಿಟ್ಟು, ಒಳಗಿನ ಕತ್ತಲೆಯಲ್ಲಿ ಅವ್ವನ ಪಕ್ಕಕ್ಕೆ ಹೋಗಿ ಕೂತಳು.